ತೆರೆಯ ಹಿಂದಿನ ಹೊಲಿಗೆ: ಮಗಳಿಗೊಂದು ಪತ್ರ

ಮಡಿಕೇರಿ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ಶಾಲೆಯ ಮಕ್ಕಳು ವಾರ್ಷಿಕೋತ್ಸವಕ್ಕೆ ಈಸ್ಟ್ ಇಂಡಿಯಾ ಕಂಪೆನಿಯ ವಿರುದ್ಧ ಕೊಡಗಿನಲ್ಲಿ ನಡೆದ 1837ರ ಹೋರಾಟದ ನಾಟಕವನ್ನು ಆಡಲಿದ್ದಾರೆಂದೂ, ಉಡುಪಿನ ಹೊಣೆ ಹೊಸ ಶಿಕ್ಷಕಿಯಾದ ನಿನ್ನ ಪಾಲಿಗೆ ಬಂದಿದೆಯೆಂದೂ ಬರೆದಿದ್ದೀಯೆ. ಎಲ್ಲವನ್ನೂ ಮೈಸೂರಿನಿಂದ ಬಾಡಿಗೆಗೆ ತರಿಸೋಣವೆಂದು ಯಾರೋ ಹೇಳಿದರಂತೆ. 1834ರಲ್ಲಿ ಪಟ್ಟ ಕಳೆದುಕೊಂಡ ಕೊಡಗಿನ ಅರಸ ಚಿಕ್ಕವೀರರಾಜೇಂದ್ರನ ಪೋಷಾಕನ್ನು ಬೇಕಾದರೆ ತರಿಸು. ಕೊಡಗಿನ ಗಂಡಸರು ತೊಡುವ ನಿಲುವಂಗಿಗಳಾದ ಕುಪ್ಯಗಳನ್ನು ಮಾತ್ರ ನಿನ್ನ ಊರಿನಲ್ಲಿಯೇ ಹೊಲಿಸು. ಕುಪ್ಯ ಎಲ್ಲಿಯವರೆಗೆ ಇಳಿಯಬೇಕು, ನಡುಪಟ್ಟಿಯಾದ ಕೆಂಪು ಚೇಲೆಯನ್ನು ಹೇಗೆ ಸುತ್ತಬೇಕು, ಅದರಲ್ಲಿ ಸಿಕ್ಕಿಸುವ ಕಿರುಗತ್ತಿ, ಅಂದರೆ ಪೀಚೆಕತ್ತಿ, ಎಲ್ಲಿ ನಿಲ್ಲಬೇಕು ಎಂಬುದು ಸಭೆಯಲ್ಲಿ ಕೂರುವ ಅಜ್ಜಂದಿರಿಗೆ ಕಣ್ಣಳತೆಯಲ್ಲೇ ಗೊತ್ತು. ಅವರು ನಾಟಕಕ್ಕಿಂತ ಮೊದಲು ಅದನ್ನೇ ನೋಡುತ್ತಾರೆ. ಕತ್ತಿ ಮಾತ್ರ ಮರದ್ದೇ ಇರಲಿ, ಯಾವ ಹುಡುಗ ಎಷ್ಟೇ ಹಟ ಹಿಡಿದರೂ.

ನಿನಗೆ ಎದುರಾಗುವ ದೊಡ್ಡ ತೊಡಕು ಬಣ್ಣದ್ದು. ಕುಪ್ಯ ಕಪ್ಪು, ಶಾಲೆಗಳ ಹಿಂಪರದೆಯೂ ಸಾಮಾನ್ಯವಾಗಿ ಕಪ್ಪು. ಎರಡೂ ಸೇರಿದರೆ ಹಿಂದಿನ ಸಾಲಿನವರಿಗೆ ಮುಖ, ಬಿಳಿಯ ತೋಳು ಮತ್ತು ನಡುವಿನ ಚೇಲೆಯಷ್ಟೇ ಗಾಳಿಯಲ್ಲಿ ತೇಲಿದಂತೆ ಕಾಣುತ್ತವೆ. ಪರದೆಯನ್ನು ಬದಲಿಸಲಾಗದಿದ್ದರೆ ಕಡುಕಂದು ಬಣ್ಣದ, ಹೊಳಪಿಲ್ಲದ ದಪ್ಪ ಹತ್ತಿಯ ಬಟ್ಟೆಯನ್ನು ಆರಿಸು. ದೂರದಿಂದ ಅದು ಕಪ್ಪಾಗಿಯೇ ತೋರುತ್ತದೆ, ಆದರೆ ಮೈಯ ಆಕಾರ ಪರದೆಯಲ್ಲಿ ಕರಗಿಹೋಗುವುದಿಲ್ಲ. ಹೋರಾಟದ ಮುಂದಾಳು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸುವ ದೃಶ್ಯಕ್ಕೆ ಕೆಂಪು ಬೆಳಕು ಹಾಕಬೇಕೆಂದು ದೀಪದವರು ಖಂಡಿತ ಹೇಳುತ್ತಾರೆ. ಆ ಬೆಳಕಿನಲ್ಲಿ ಹಸಿರು ಬಟ್ಟೆ ಕಪ್ಪಾಗುತ್ತದೆ, ಕಂಪೆನಿಯ ಸಿಪಾಯಿಗಳ ಕೆಂಪು ಕೋಟು ಪೇಲವವಾಗುತ್ತದೆ. ಆದ್ದರಿಂದ ಬಟ್ಟೆಯ ಥಾನನ್ನು ಕತ್ತರಿಸುವ ಮೊದಲು ಒಂದು ಚೂರನ್ನು ಅದೇ ದೀಪದ ಕೆಳಗೆ ಹಿಡಿದು, ಸಭಾಂಗಣದ ಕೊನೆಯ ಕುರ್ಚಿಯಲ್ಲಿ ಕುಳಿತು ನೋಡು.

ಹಳ್ಳಿಗರಾಗುವ ಹುಡುಗರೇ ಸಿಪಾಯಿಗಳೂ ಆಗುವುದಾದರೆ ವೇಷ ಬದಲಿಸಲು ಅವರಿಗೆ ಹೆಚ್ಚು ಸಮಯ ಸಿಗುವುದಿಲ್ಲ. ಕೆಂಪು ಕೋಟಿನ ಗುಂಡಿಗಳನ್ನು ಮುಂದೆ ಅಲಂಕಾರಕ್ಕೆ ಮಾತ್ರ ಹೊಲಿದು, ಬೆನ್ನನ್ನು ತೆರೆದಿಟ್ಟು ವೆಲ್ಕ್ರೋ ಹಾಕಿಸಿದರೆ ಹುಡುಗ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ತೂರಿಸಿಕೊಳ್ಳುತ್ತಾನೆ, ಹಿಂದೆ ನಿಂತವರು ಒತ್ತಿಬಿಡುತ್ತಾರೆ. ವೆಲ್ಕ್ರೋ ಬಿಚ್ಚುವಾಗ ಆಗುವ ಸದ್ದು ಮೌನದ ದೃಶ್ಯವನ್ನು ಹಾಳುಮಾಡುತ್ತದೆ. ಬಿಚ್ಚುವುದನ್ನು ನಮ್ಮ ವಾದ್ಯವಾದ ದುಡಿಕೊಟ್ಟಿನ ಶಬ್ದದ ಹೊತ್ತಿಗೆ ಹೊಂದಿಸು, ಅದಾಗದಿದ್ದರೆ ಟಿಚ್ ಬಟನ್ನೇ ಲೇಸು. ಹೆಣ್ಣುಮಕ್ಕಳು ಉಡುವ ಕೊಡಗಿನ ಶೈಲಿಯ ಸೀರೆಗೆ ನೆರಿಗೆ ಬೆನ್ನ ಕಡೆ ಬರುವುದರಿಂದ ಅದು ಜಾರಿದರೂ ಅವರಿಗೆ ತಿಳಿಯುವುದಿಲ್ಲ. ನೆರಿಗೆಗಳನ್ನು ಮೊದಲೇ ಮಡಿಸಿ ಪಟ್ಟಿಗೆ ಹೊಲಿದು ಲಾಡಿ ಕಟ್ಟಿಸು, ಬಲಭುಜದ ಸೆರಗಿಗೆ ಎರಡು ಪಿನ್ನುಗಳಿರಲಿ.

ಅಳತೆ ನೋಡುವಾಗ ಮಕ್ಕಳನ್ನು ಸುಮ್ಮನೆ ನಿಲ್ಲಿಸಬೇಡ. ಕೋವಿ ಎತ್ತಬೇಕಾದವನು ಎತ್ತಲಿ, ಮಂಡಿಯೂರಬೇಕಾದವನು ಊರಲಿ. ಕಂಕುಳು ಹರಿಯುವುದು ಆಗಲೇ ಹೊರತು ಕನ್ನಡಿಯ ಮುಂದಲ್ಲ. ಮಡಿಕೆಯೊಳಗೆ ಎರಡು ಇಂಚು ಬಟ್ಟೆ ಬಿಡಿಸಿದರೆ ಮುಂದಿನ ವರ್ಷದ ಉದ್ದನೆಯ ಹುಡುಗನಿಗೂ ಆಗುತ್ತದೆ. ಹಳ್ಳಿಗರ ಪಂಚೆಗಳು ಹೊಸದಾಗಿ ಮಿಂಚುತ್ತಿದ್ದರೆ ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸು. ನಮ್ಮೂರಿನಲ್ಲಿ ಅದಕ್ಕೇನು ಬರವಿಲ್ಲ.

ಆಟ ಮುಗಿದ ರಾತ್ರಿ ಎಲ್ಲವನ್ನೂ ಬೆವರಿನೊಂದಿಗೆ ಟ್ರಂಕಿಗೆ ತುಂಬುವ ಅಭ್ಯಾಸ ಶಾಲೆಗಳಲ್ಲಿದೆ, ಅದಕ್ಕೆ ನೀನು ಒಪ್ಪಬೇಡ. ಒಗೆದು, ಬೇಸಿಗೆಯ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿಡದಿದ್ದರೆ ಜೂನ್ ತಿಂಗಳ ಮಳೆ ಹಿಡಿದ ಮೇಲೆ ನಮ್ಮ ಕಡೆ ಒಂದು ಕರವಸ್ತ್ರವೂ ಒಣಗುವುದಿಲ್ಲ, ಟ್ರಂಕು ತೆರೆಯುವ ಹೊತ್ತಿಗೆ ಬೂಷ್ಟು ಹತ್ತಿರುತ್ತದೆ. ಪ್ರತಿ ಉಡುಪಿನ ಕೊರಳೊಳಗೆ ಪಾತ್ರದ ಹೆಸರು, ದೃಶ್ಯದ ಸಂಖ್ಯೆ ಬರೆದ ಪಟ್ಟಿಯನ್ನು ಹೊಲಿದಿಡು.

ಮಕ್ಕಳ ಎದೆ, ತೋಳು, ಉದ್ದದ ಅಳತೆಗಳನ್ನು ಈ ವಾರವೇ ಬರೆದು ಕಳುಹಿಸು. ಕುಪ್ಯದ ಕಾಗದದ ಮಾದರಿಯನ್ನು ನಾನು ಕತ್ತರಿಸಿ ಪೊನ್ನಂಪೇಟೆಯ ಬಸ್ಸಿನಲ್ಲಿ ಕೊಟ್ಟು ಕಳುಹಿಸುತ್ತೇನೆ.

ನಿನ್ನ
ಅಮ್ಮ