ಈ ಭಾನುವಾರದ ಕನ್ನಡ ತರಗತಿ ಲ್ಯೂಯಿಸ್ ಮಠದಲ್ಲಿ

ಪ್ರೀತಿಯ ಪೋಷಕರಿಗೆ,

ನಮಸ್ಕಾರ. ಈ ಭಾನುವಾರ ತರಗತಿ ಸಭಾಂಗಣದಲ್ಲಿ ಇರುವುದಿಲ್ಲ. ಮಕ್ಕಳನ್ನು ಸಸೆಕ್ಸ್‌ನ ಲ್ಯೂಯಿಸ್ ಊರಿಗೆ, ಸೇಂಟ್ ಪ್ಯಾಂಕ್ರಾಸ್ ಪ್ರಯರಿ ನೋಡಲು ಕರೆದುಕೊಂಡು ಹೋಗುತ್ತೇವೆ. ನೀವೂ ಜೊತೆಗೆ ಬರಬೇಕು.

"ಮಿಸ್, ಪ್ರಯರಿಗೆ ಕನ್ನಡದಲ್ಲಿ ಏನಂತಾರೆ?" ಎಂದು ಮಕ್ಕಳು ಕೇಳಿದರು. ಶಾಖಾ ಮಠ ಅಂದೆ. ರಜೆಗೆ ಊರಿಗೆ ಹೋದಾಗ ಮಠ ನೋಡಿದವರಿಗೆ ತಕ್ಷಣ ಅರ್ಥವಾಯಿತು. ಇದರ ಮೂಲ ಮಠ ಫ್ರಾನ್ಸ್‌ನ ಕ್ಲೂನಿಯಲ್ಲಿತ್ತು. ವಿಲಿಯಂ ದ ವಾರೆನ್ ಎಂಬ ನಾರ್ಮನ್ ಸರದಾರ ಮತ್ತು ಅವನ ಹೆಂಡತಿ ಗುಂಡ್ರಾಡಾ ಅಲ್ಲಿಂದ ಸನ್ಯಾಸಿಗಳನ್ನು ಕರೆಸಿ, 1077ರ ಸುಮಾರಿಗೆ ಇಲ್ಲಿ ನೆಲೆ ಮಾಡಿಕೊಟ್ಟರು. ಇಂಗ್ಲೆಂಡಿನಲ್ಲಿ ಕ್ಲೂನಿಯವರ ಮೊದಲ ಮಠ ಇದೇ.

ಅದರ ಚರ್ಚು 400 ಅಡಿಗೂ ಜಾಸ್ತಿ ಉದ್ದವಿತ್ತು. ಈಗ ಅದರ ಜಾಗದ ಮೇಲೇ ರೈಲು ಓಡುತ್ತದೆ! ರಾಜ ಎಂಟನೇ ಹೆನ್ರಿಯ ಕಾಲದಲ್ಲಿ, 1537ರಲ್ಲಿ ಮಠ ಮುಚ್ಚಿತು. ಮರುವರ್ಷ ರಾಜನ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಅದನ್ನು ಕೆಡವಲು ಪೋರ್ಟಿನಾರಿ ಎಂಬ ಇಟಲಿಯ ಎಂಜಿನಿಯರ್‌ನನ್ನು ಕಳಿಸಿದ. ಪೋರ್ಟಿನಾರಿ ಬರೆದ ವರದಿಯ ಪತ್ರ ಇಂದಿಗೂ ಉಳಿದಿದೆ. ಲಂಡನ್ನಿನಿಂದ 17 ಜನರನ್ನು ಕರೆತಂದಿದ್ದ. ಬಡಗಿಗಳು, ಕಮ್ಮಾರರು, ಸೀಸ ಕರಗಿಸುವ ಕುಲುಮೆ ನೋಡಿಕೊಳ್ಳಲು ಒಬ್ಬ. ಕೆಲವರು ಗೋಡೆ ಕಡಿಯುತ್ತಾ ಹೋದರೆ, ಬಡಗಿಗಳು ಅಲ್ಲಿ ಮರದ ಆಸರೆ ಕೊಡುತ್ತಿದ್ದರು. ಅದನ್ನು ಓದುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಉಳಿದಿರುವುದರಲ್ಲಿ ದೊಡ್ಡದು ಯಾವುದು ಗೊತ್ತಾ? ಸನ್ಯಾಸಿಗಳ ಶೌಚಾಲಯದ ಕಟ್ಟಡ. ಕೆಳಗೆ ನೀರಿನ ಕಾಲುವೆ ಹರಿಯುತ್ತಿತ್ತು. ಮಕ್ಕಳು ಇದನ್ನಂತೂ ಮರೆಯುವುದಿಲ್ಲ! ಗೋಡೆಗಳನ್ನು ಹತ್ತಿರದಿಂದ ನೋಡಿಸಿ. ಹೊರಮೈಯ ಕೆತ್ತಿದ ಕಲ್ಲು ಹೋಗಿ, ಒಳಗಿನ ಚಕಮಕಿ ಕಲ್ಲು ಕಾಣುತ್ತದೆ. ಒಡೆದ ಕಡೆ ಕಪ್ಪಗೆ ಗಾಜಿನ ಹಾಗೆ ಹೊಳೆಯುತ್ತದೆ. ಕೆತ್ತಿದ ಕಲ್ಲು ಎಲ್ಲಿ ಹೋಯಿತು ಅಂದರೆ, ಹತ್ತಿರದ ಸೌತೋವರ್ ಗ್ರೇಂಜ್ ಮನೆಯನ್ನು 1572ರಲ್ಲಿ ಕಟ್ಟಿದ್ದು ಆ ಕಲ್ಲಿನಲ್ಲೇ. ಅದನ್ನೂ ನೋಡೋಣ.

ಕೊನೆಗೆ ಸೌತೋವರ್ ಚರ್ಚಿಗೆ ಹೋಗುತ್ತೇವೆ. 1845ರಲ್ಲಿ ರೈಲು ದಾರಿಗೆ ಅಗೆಯುವಾಗ ಸೀಸದ ಎರಡು ಪೆಟ್ಟಿಗೆ ಸಿಕ್ಕವು. ಒಂದೊಂದೂ ಸುಮಾರು ಮೂರು ಅಡಿ ಉದ್ದ. ಒಳಗೆ ಮೂಳೆಗಳು. ಮುಚ್ಚಳದ ಮೇಲೆ ಹೆಸರು: ಗುಂಡ್ರಾಡಾ, ವಿಲಿಯಂ. ಮಠ ಕಟ್ಟಿಸಿದ ಅದೇ ಗಂಡ ಹೆಂಡತಿ. ಅವರಿಬ್ಬರನ್ನೂ ಈಗ ಆ ಚರ್ಚಿನಲ್ಲಿ ಇಟ್ಟಿದ್ದಾರೆ. ಅಲ್ಲಿ ಮಕ್ಕಳನ್ನು ಸ್ವಲ್ಪ ಹೊತ್ತು ಸುಮ್ನೆ ನಿಲ್ಲಲು ಬಿಡಿ, ಅವಸರ ಮಾಡಬೇಡಿ.

ಲ್ಯೂಯಿಸ್ ಸ್ಟೇಷನ್ ಹತ್ತಿರ ಬೆಳಿಗ್ಗೆ 10.30ಕ್ಕೆ ಸೇರೋಣ. ಮಠದ ಜಾಗಕ್ಕೆ ಟಿಕೆಟ್ ಇಲ್ಲ. ಹುಲ್ಲು ಒದ್ದೆಯಿರುತ್ತದೆ, ಗಟ್ಟಿ ಶೂ ಹಾಕಿಸಿ. ಗೋಡೆ ಹತ್ತಬಾರದು ಎಂದು ಮನೆಯಲ್ಲೇ ಹೇಳಿಬಿಡಿ. ಬುತ್ತಿಗೆ ಚಿತ್ರಾನ್ನವೋ ಪುಳಿಯೋಗರೆಯೋ ತನ್ನಿ, ಹಂಚಿಕೊಂಡು ತಿನ್ನೋಣ. ಬರುವವರು ಶುಕ್ರವಾರದೊಳಗೆ ತಿಳಿಸಿ.

ಇತಿ,
ಮುಖ್ಯ ಶಿಕ್ಷಕಿ