ತೀರ್ಥೋದ್ಭವಕ್ಕೆ ಬನ್ನಿ, ಜಯಂತಿ ಬಿಡಿ: ಕೊಡಗು ಉಸ್ತುವಾರಿ ಸಚಿವರಿಗೊಂದು ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಕೊಡಗಿಗೆ ಯಾವ ಪಕ್ಷದ ಸಚಿವರು ಬಂದರೂ ಕೊಡವರ ನಿಲುವಂಗಿ ಕುಪ್ಯ ತೊಡಿಸಿ, ನಡುಪಟ್ಟಿ ಚೇಲೆ ಬಿಗಿದು, ಪೀಚೆಕತ್ತಿ ಸಿಕ್ಕಿಸಿ ಫೋಟೊ ತೆಗೆಯುತ್ತೇವೆ. ತೊಡಿಸುವವರು ನಾವೇ. ಅದಕ್ಕೆ ನಿಮ್ಮನ್ನು ದೂರುವುದಿಲ್ಲ. ಆ ಫೋಟೊ ಚುನಾವಣೆ ಹೊತ್ತಿಗೆ ಮತ್ತೆ ಹೊರಗೆ ಬರುತ್ತದಲ್ಲ, ನನ್ನ ತಕರಾರು ಅಲ್ಲಿಂದ ಶುರು.

ಈ ನಾಡನ್ನು ಆಳಲು ಬಂದವರಿಗೆ ನಮ್ಮ ಭಕ್ತಿಯೇ ಬಾಗಿಲು. ಹಾಲೇರಿ ವಂಶದ ಮೊದಲ ಅರಸ ಜಂಗಮನ ವೇಷದಲ್ಲಿ ಬಂದನಂತೆ. ಜನ ಕೈಮುಗಿದರು, ಕಾಣಿಕೆ ಕೊಟ್ಟರು. ಆಮೇಲೆ ಅವನು ಕಾವಲಿಗೆ ಆಳು ಕೇಳಿದ. ಕೊನೆಗೆ ನಾಡೇ ಅವನದಾಯಿತು. ಆ ವಂಶ 1834ರವರೆಗೆ ಆಳಿತು. ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನವನ್ನು 1820ರಲ್ಲಿ ಕಟ್ಟಿಸಿದ್ದು ಅದೇ ವಂಶದ ಲಿಂಗರಾಜೇಂದ್ರ. ಮೇಲೆ ಗುಮ್ಮಟ, ಮೂಲೆಗಳಲ್ಲಿ ಮಿನಾರು, ಒಳಗೆ ಶಿವ. ಬ್ರಾಹ್ಮಣನೊಬ್ಬನನ್ನು ಕೊಲ್ಲಿಸಿದ ಪಾಪ ಕಳೆಯಲು ಕಟ್ಟಿಸಿದ ಅಂತ ಊರವರು ಹೇಳುತ್ತಾರೆ. ನಿಜವಿದ್ದರೆ ದೇವರ ಲೆಕ್ಕ ಚುಕ್ತಾ ಆಯಿತು. ಸತ್ತವನ ಮನೆಯವರಿಗೆ ಏನು ಸಿಕ್ಕಿತೋ, ಕಥೆಯಲ್ಲಿ ಬರುವುದಿಲ್ಲ.

ಬ್ರಿಟಿಷರೂ ಕಮ್ಮಿಯೇನಲ್ಲ. ಗದ್ದುಗೆ ಕಳೆದುಕೊಂಡ ಆ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರ, ಈಸ್ಟ್ ಇಂಡಿಯಾ ಕಂಪನಿ ಹಿಡಿದಿಟ್ಟ ದುಡ್ಡು ಕೇಳಲು ಇಂಗ್ಲೆಂಡಿಗೆ ಹೋದ. 1852ರಲ್ಲಿ ಅವನ ಮಗಳು ಗೌರಮ್ಮನಿಗೆ ಅಲ್ಲಿ ಕ್ರೈಸ್ತ ದೀಕ್ಷಾಸ್ನಾನವಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ಹುಡುಗಿ ಅರಮನೆಯವಳಾದಳು, ದುಡ್ಡು ಮಾತ್ರ ಬರಲಿಲ್ಲ.

ಇನ್ನು ನಿಮ್ಮ ಕಾಲ. ಟಿಪ್ಪುವಿನ ಸೇನೆ ಕೊಡವರನ್ನು ಕೊಂದ ಜಾಗ ಅಂತ ಹೇಳುವ ದೇವಟ್ಟಿಪರಂಬಿನ ಹೆಸರೆತ್ತಿದರೆ ಇಂದಿಗೂ ಮುಖ ಬಿಗಿಯುವ ಈ ಜಿಲ್ಲೆಯಲ್ಲೂ 2015ರಲ್ಲಿ ಒಂದು ಸರ್ಕಾರ ಟಿಪ್ಪು ಜಯಂತಿ ಮಾಡಿತು. ನವೆಂಬರ್ 10ರಂದು ಮಡಿಕೇರಿಯಲ್ಲಿ ಗಲಭೆಯಾಯಿತು, ಜೀವ ಹೋಯಿತು. 2019ರಲ್ಲಿ ಇನ್ನೊಂದು ಸರ್ಕಾರ ಬಂದು ಜಯಂತಿ ರದ್ದು ಮಾಡಿತು. ಒಬ್ಬರಿಗೆ ಮಾಡಿದ್ದೇ ಸಾಧನೆ, ಇನ್ನೊಬ್ಬರಿಗೆ ನಿಲ್ಲಿಸಿದ್ದೇ ಸಾಧನೆ. ಇಬ್ಬರೂ ಬೆಂಗಳೂರಿನಲ್ಲಿ ಕೂತು ಲೆಕ್ಕ ಹಾಕಿದರು. ಸಂತೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಬೇಕಾದವರು ನಾವು.

ಅನುದಾನ ಬೇಡ ಅನ್ನುತ್ತಿಲ್ಲ. ಕೊಡವ ಅಕಾಡೆಮಿಗೆ ಕೊಡಿ, ಅರೆಭಾಷೆ ಅಕಾಡೆಮಿಗೆ ಕೊಡಿ, ದಸರಾ ಮಂಟಪಗಳಿಗೂ ಕೊಡಿ. ನಮ್ಮದೇ ತೆರಿಗೆ ಅಲ್ವಾ? ಕೊಟ್ಟಿದ್ದಕ್ಕೆ ಸುಮ್ನೆ ಸನ್ಮಾನ ಮಾತ್ರ ಕೇಳಬೇಡಿ.

ಸತ್ತುಹೋದ ಯಾವ ಅರಸನ ಜಯಂತಿಯನ್ನೂ ಸರ್ಕಾರದ ಖರ್ಚಿನಲ್ಲಿ ಇಲ್ಲಿ ಮಾಡುವುದಿಲ್ಲ, ನಿಲ್ಲಿಸಿದ್ದನ್ನು ಹೇಳಿಕೊಂಡು ವೋಟೂ ಕೇಳುವುದಿಲ್ಲ ಅಂತ ಬರೆದು ಕೊಡಿ. ಎರಡೂ ಸೇರಿಯೇ ಇರಲಿ.

ತುಲಾ ಸಂಕ್ರಮಣದ ದಿನ ಕಾವೇರಿ ಉಕ್ಕುವ ತೀರ್ಥೋದ್ಭವಕ್ಕೆ ತಲಕಾವೇರಿಗೆ ಖಂಡಿತ ಬನ್ನಿ. 2020ರ ಆಗಸ್ಟ್‌ನಲ್ಲಿ ಅಲ್ಲೇ ಬೆಟ್ಟ ಜಾರಿ ಅರ್ಚಕರ ಮನೆ ಮಣ್ಣಡಿ ಹೋಗಿತ್ತು. ಪೊಲೀಸರಿಂದ ದಾರಿ ಬಿಡಿಸಿಕೊಳ್ಳದೆ ಎಲ್ಲರ ಜೊತೆ ಸಾಲಿನಲ್ಲಿ ನಿಲ್ಲಿ. ಆ ಬೆಟ್ಟಕ್ಕೆ ಇಲ್ಲಿಯವರೆಗೆ ಏನೇನು ಮಾಡಿದ್ದೀರಿ ಅಂತ ಪಕ್ಕದಲ್ಲಿ ನಿಂತವರು ಕೇಳುತ್ತಾರೆ, ಅವರಿಗೆ ಹೇಳಿ.

ಇಂತಿ,
ನಾಪೋಕ್ಲು ಕಡೆಯ ಒಬ್ಬ ಕಾಫಿ ಬೆಳೆಗಾರ