ಸೈಲೆನ್ಸರ್ ಸುತ್ತ ಸುತ್ತುವ ವಾದ

ಮಾನ್ಯ ಸಂಪಾದಕರೇ,

1985ರ ಆಗಸ್ಟ್ 7ರಂದು ಇಂಗ್ಲೆಂಡಿನ ಎಸೆಕ್ಸ್‌ನ ವೈಟ್ ಹೌಸ್ ಫಾರ್ಮ್‌ನಲ್ಲಿ ಐವರು ಗುಂಡೇಟಿಗೆ ಸತ್ತರು. ಅದರಲ್ಲಿ ಇಬ್ಬರು ಆರು ವರ್ಷದ ಅವಳಿ ಮಕ್ಕಳು. ಕೊಂದದ್ದು ಆ ಮನೆಯ ದತ್ತುಮಗ ಜೆರೆಮಿ ಬಾಂಬರೋ, ಎಲ್ಲರನ್ನೂ ಕೊಂದು ತಾನೂ ಗುಂಡು ಹೊಡೆದುಕೊಂಡಳು ಎನ್ನಲಾದ, ಅಲ್ಲೇ ಸತ್ತುಬಿದ್ದಿದ್ದ ಅವನ ಅಕ್ಕನೋ? ವಾದ ಇನ್ನೂ ನಿಂತಿಲ್ಲ.

ಸೈಲೆನ್ಸರ್ (ಸದ್ದು ತಗ್ಗಿಸಲು ನಳಿಗೆಯ ತುದಿಗೆ ಹಾಕುವ ಕೊಳವೆ) ಸಿಕ್ಕಿಸಿದರೆ ಬಂದೂಕು ಉದ್ದವಾಗಿ, ತನಗೇ ಗುಂಡು ಹೊಡೆದುಕೊಳ್ಳಲು ಆಕೆಯ ಕೈಗೆ ಟ್ರಿಗರ್ ಎಟುಕುತ್ತಿರಲಿಲ್ಲ ಎಂದಿತು ಪ್ರಾಸಿಕ್ಯೂಷನ್. ಸೈಲೆನ್ಸರ್ ಒಳಗಿನ ರಕ್ತ ಆಕೆಯದ್ದೆಂದೂ ವಾದಿಸಿತು. ಸತ್ತವಳು ಅದನ್ನು ಬಿಚ್ಚಿ ಕಪಾಟಿನಲ್ಲಿ ಇಡೋಕಾಗಲ್ಲ, ಅಲ್ವಾ? ಆದರೆ ಅದು ಸಿಕ್ಕಿದ್ದು ಪೊಲೀಸರಿಗಲ್ಲ, ಕೆಲವು ದಿನಗಳ ನಂತರ ಸಂಬಂಧಿಕರಿಗೆ. 1986ರಲ್ಲಿ ಜ್ಯೂರಿ ಜೆರೆಮಿಯೇ ಅಪರಾಧಿ ಎಂದಿತು, ಆದರೆ 12 ಮಂದಿಯಲ್ಲಿ ಇಬ್ಬರು ಒಪ್ಪಲಿಲ್ಲ. 2002ರಲ್ಲಿ ಅವನ ಮೇಲ್ಮನವಿ ವಜಾ ಆಯಿತು.

ತೀರ್ಪು ಸರಿ ಅಂತಲೇ ನನಗನಿಸುತ್ತದೆ. ಆದರೆ ಕೆಲವೇ ದಿನಗಳಲ್ಲಿ ರಕ್ತ ಹತ್ತಿದ ಹಾಸಿಗೆ, ಕಾರ್ಪೆಟ್ ಸುಟ್ಟುಹಾಕಿದ ಪೊಲೀಸರನ್ನು ಹೇಗೆ ಕ್ಷಮಿಸೋದು?

– ಒಬ್ಬ ಓದುಗ